ಎಂಜಲು ದಾರ

ಮಾರ್ಚ್ 4, ಬುಧವಾರ. ಸಂಜೆ 4

ಮತ್ತೆ ಎರಡು ಲೋಟ ನೀರು. ಹುಳಿ ಮಿಠಾಯಿ. ಸ್ನಾನ. ಬೆಳಿಗ್ಗೆ ನುಂಗಿಸಿದ ಮಾತ್ರೆ ಮೈಯಿಂದ ಬೇಗ ಹೊರಗೆ ಹೋಗಬೇಕಂತೆ. ಕುತ್ತಿಗೆಯ ಗಂಟು ಕತ್ತರಿಸಿ ತೆಗೆದ ಮೇಲೆ ಅಲ್ಲಿ ಇಲ್ಲಿ ಉಳಿದ ಕ್ಯಾನ್ಸರನ್ನು ಸುಡುವ ಮಾತ್ರೆ. ಅದು ಒಳಗಿರುವ ತನಕ ನನ್ನಿಂದಲೇ ರೇಡಿಯೇಶನ್. ಬಾಗಿಲು ಸೀಸದ್ದು. ಸಿಸ್ಟರ್ ಮಾತಾಡುವುದು ಸ್ಪೀಕರಿನಲ್ಲಿ. ಮೀಟರ್ ಹಿಡಿದು ಬರುವವನೊಬ್ಬನಿದ್ದಾನೆ. ಮೀಟರಣ್ಣ ಎಂದೇ ಹೆಸರಿಟ್ಟಿದ್ದೇನೆ. ಬಾಗಿಲಲ್ಲೇ ನಿಂತು ನನ್ನನ್ನು ಅಳೆದು ನಂಬರ್ ಹೇಳುತ್ತಾನೆ. ಅದು ಸಾಕಷ್ಟು ಇಳಿದರೆ ಮನೆಗೆ. ಇಷ್ಟು ವರ್ಷ ಊರವರ ಅಳತೆ ತೆಗೆದ ಟೈಲರ್ ನಾನು!

ಒಳಗೆ ಬಂದ ವಸ್ತು ಅವನ ಮೀಟರ್ ಒಪ್ಪಿದರೆ ಮಾತ್ರ ಹೊರಗೆ. ಈ ಪುಸ್ತಕವನ್ನಂತೂ ಇಲ್ಲೇ ಕಸಕ್ಕೆ ಹಾಕಿಸುತ್ತೇನೆ. ಒಳ್ಳೆಯದೇ, ಮನಸ್ಸಿಗೆ ಬಂದದ್ದು ಬರೆಯಬಹುದು. ಭಯವಾಗುತ್ತಿದೆ. ಬರೆದೆ.

ಸಂಜೆ 6

ಮಗಳ ಜಾಕೆಟ್ ಹರಡಿಕೊಂಡು ಕೂತೆ. ಶನಿವಾರ ಮಗಳ ಶಾಲೆಯಲ್ಲಿ ಡ್ಯಾನ್ಸ್. ಐದು ಹುಡುಗಿಯರು, ಒಂದು ಕೊರಿಯನ್ ಹಾಡು, ಒಂದೇ ಥರದ ನೀಲಿ ಜಾಕೆಟ್. ನಾಲ್ಕನ್ನು ಮುಗಿಸಿ ಕೊಟ್ಟೆ. ನನ್ನ ಮಗಳದ್ದು ಕೊನೆಗೆ... ಟೈಲರ್ ಮಕ್ಕಳ ಹಣೆಬರಹ. ಅಷ್ಟರಲ್ಲಿ ಆಸ್ಪತ್ರೆಯಿಂದ ಫೋನ್: ರೂಮ್ ಖಾಲಿಯಾಗಿದೆ, ನಾಳೆಯೇ ಬನ್ನಿ. ಕಾಲರಿಗೆ ಮಣಿ ಹಚ್ಚುವುದು ಬಾಕಿ ಉಳಿಯಿತು. ಅದನ್ನು ಒಳಗೆ ತರಲು ಮೀಟರಣ್ಣನ ಕಾಲೊಂದು ಹಿಡಿಯಲಿಲ್ಲ, ಅಷ್ಟೆ. ಕೊನೆಗೆ ಒಪ್ಪಿದ:

"ಗ್ಲೌಸ್ ತೆಗೀಬಾರದು. ಮುಗಿದ ತಕ್ಷಣ ಕವರಿಗೆ ಹಾಕ್ಬೇಕು. ಮೀಟರ್ ಕೂಗಿದ್ರೆ ನನ್ ಕೈಲೇನೂ ಇಲ್ಲಮ್ಮ, ಎರಡೂವರೆ ತಿಂಗಳು ಸ್ಟೋರ್ ರೂಮಲ್ಲೇ."

ಹೊರಡುವಾಗ ಮಗಳು ಆ ಹಾಡನ್ನು ನನ್ನ ಫೋನಿಗೆ ಹಾಕಿಕೊಟ್ಟಿದ್ದಾಳೆ. "ಒಬ್ಳೇ ಇದ್ದಾಗ ಕೇಳು. ಅರ್ಥ ಗಿರ್ಥ ಕೇಳ್ಬೇಡ, ಸುಮ್ನೆ ಕೇಳು." ಮನೆಯಲ್ಲಿ ಇದೇ ಹಾಡಿಗೆ ಎಷ್ಟು ಸಲ 'ನಿಲ್ಸೇ ಆ ಗಲಾಟೆ' ಎಂದಿಲ್ಲ! ಇಲ್ಲಿ ನಾನೇ ನಿಲ್ಲಿಸುತ್ತಿಲ್ಲ. ಒಂದಕ್ಷರ ತಿಳಿಯದು. ಮೊದಲು ಒಬ್ಬ ಹುಡುಗ ಮೆಲ್ಲಗೆ, ಮಂಚದ ಪಕ್ಕ ಕೂತು ಮಾತಾಡಿಸಿದ ಹಾಗೆ. ಆಮೇಲೆ ಎಲ್ಲರೂ ಸೇರುತ್ತಾರೆ. ಇಲ್ಲಿ ಇಲ್ಲದ ಹೊಲಿಗೆ ಮಶೀನಿನ ಪೆಡಲನ್ನು ನನ್ನ ಕಾಲು ತುಳಿಯುತ್ತದೆ. ಎದೆ ಹೊಡೆದುಕೊಳ್ಳುವುದು ನಿಧಾನವಾಗುತ್ತದೆ.

ಮಾರ್ಚ್ 5, ಗುರುವಾರ. ಬೆಳಿಗ್ಗೆ 10

ಮುಗಿಯಿತು. ಹಾಡು ತಿರುಗುತ್ತಲೇ ಇತ್ತು, ಕೈ ತನ್ನ ಪಾಡಿಗೆ ಓಡಿತು. ಕವರಿಗೆ ಹಾಕಿ, ವಸ್ತು ಹೊರಗೆ ಕೊಡುವ ಗೋಡೆಯ ಕಿಟಕಿಯಲ್ಲಿ ಇಟ್ಟಿದ್ದೇನೆ. ಕಾಲರ್ ಏನು ಚೆಂದ ಕೂತಿದೆ!

ಮಧ್ಯಾಹ್ನ 1

ಕೂಗಿತು.

"ಗ್ಲೌಸ್ ಹಾಕಿದ್ರಿ ತಾನೇ?"

"ಹಾಕಿದ್ದೆ. ನಿಮ್ಮಾಣೆ."

"ಬೇರೆಲ್ಲೂ ಇಲ್ಲ. ಕಾಲರ್ ಸುತ್ತ ಮಾತ್ರ ಕೂಗ್ತಿದೆ."

ಕೈ ನೋಡಿಕೊಂಡೆ. ಆಗ ಹೊಳೆಯಿತು. ಬಾಯಿ! ಪ್ರತಿ ಸಲವೂ ದಾರದ ತುದಿಯನ್ನು ನಾಲಿಗೆಯಲ್ಲಿ ಒದ್ದೆ ಮಾಡಿ ಸೂಜಿಗೆ ಪೋಣಿಸಿದ್ದೇನೆ. ಕೊನೆಗೆ ಹಲ್ಲಲ್ಲೇ ಕಡಿದಿದ್ದೇನೆ. ಕಲಿತ ದಿನದಿಂದಲೂ ಇರುವ ಚಾಳಿ.

"ಎಂಜಲಲ್ಲೇ ಜಾಸ್ತಿ ಇರೋದಮ್ಮ" ಎಂದ, ಬೈಯದೆ. ಹೊಲಿಗೆ ಬಿಚ್ಚಿ ಬೇರೆ ದಾರ ಹಾಕುತ್ತೇನೆ ಎಂದು ಗೋಗರೆದೆ. ಬಟ್ಟೆಗೇ ಇಳಿದಿದೆಯಂತೆ. ಜಾಕೆಟ್ ಸ್ಟೋರಿಗೆ ಹೋಯಿತು.

ಮೀಟರ್ ಇಲ್ಲದಿದ್ದರೆ ಅದನ್ನೇ ಹಾಕಿಕೊಳ್ಳುತ್ತಿದ್ದಳು. ಕುತ್ತಿಗೆಯ ಸುತ್ತ. ನನಗೆ ಗಂಟು ಬಂದ ಜಾಗದಲ್ಲೇ...

ಮಧ್ಯಾಹ್ನ 3

ಹೇಳಿದೆ. ಮಗಳಿಗೆ, ಫೋನಿನಲ್ಲಿ. "ಕೈಗೆ ಗ್ಲೌಸ್ ಹಾಕ್ಕೊಂಡು ದಾರಾನ ಬಾಯಲ್ಲಿ ಇಟ್ಕೊಂಡ್ಯಾ? ಸರಿ ಬಿಡು." ಕಟ್ ಮಾಡಿದಳು.

ಆಮೇಲೆ ಇವರು ಫೋನ್ ಮಾಡಿದರು. "ಅಂಗಡೀಲಿ ಯಾವ್ದಾದ್ರೂ ನೀಲಿದು ತರ್ತೀನಿ. ನೀನು ನೀರು ಕುಡಿ."

ಹಾಡು ಹಾಕಲು ಮನಸ್ಸೇ ಬರಲಿಲ್ಲ.

ಮಾರ್ಚ್ 6, ಶುಕ್ರವಾರ

ನಂಬರ್ ಇಳಿದದ್ದು ಅಷ್ಟಕ್ಕಷ್ಟೇ. ಮಗಳು ಫೋನ್ ಎತ್ತಲಿಲ್ಲ. ಹಾಡು ಹಾಕಿಕೊಂಡು ಬಿಕ್ಕಿ ಬಿಕ್ಕಿ ಅತ್ತೆ. ಆ ಹುಡುಗರು ಪಾಪ, ಹಾಡುತ್ತಲೇ ಇದ್ದರು.

ಮಾರ್ಚ್ 7, ಶನಿವಾರ. ಬೆಳಿಗ್ಗೆ 11:40

ಇವರು ಶಾಲೆಯ ಹಾಲ್‌ನಿಂದ ವಿಡಿಯೋ ಕಾಲ್ ಮಾಡಿದರು. ಪರದೆ ಸರಿಯಿತು. ನಾಲ್ಕು ನೀಲಿ, ಒಂದು ಬಿಳಿ.

ಅಯ್ಯೋ, ಕಚ್ಚಾ ಜಾಕೆಟ್! ಅಳತೆ ಸರಿಯಿದೆಯೇ ನೋಡಲು ಹಳೆಯ ಬೆಡ್‌ಶೀಟಿನಲ್ಲಿ ಹೊಲಿದದ್ದು. ಎಳೆದರೆ ಬಿಚ್ಚಿಕೊಳ್ಳುವ ಉದ್ದುದ್ದ ಹೊಲಿಗೆ. ಮೈತುಂಬ ಚಾಕ್ ಗೆರೆ. ಎದೆಯ ಮೇಲೆ ನನ್ನ ಅಕ್ಷರದಲ್ಲಿ 'ಎಡ', 'ಬಲ'. ಟೈಲರ್ ಮಾನ ಊರಮುಂದೆ ಹೋಯಿತು!

"ಅಂಗಡೀದು ತಂದಿದ್ದೆ ಕಣೆ" ಇವರು ಪಿಸುಗುಟ್ಟಿದರು. "ಮುಟ್ಟೂ ನೋಡ್ಲಿಲ್ಲ. ಅಮ್ಮ ಹೊಲ್ದಿದ್ದೇ ಹಾಕ್ಕೊಳ್ಳೋದು ಅಂತ ಹಟ."

ಹಾಡು ಶುರುವಾಯಿತು. ನನಗೆ ಗೊತ್ತು, ಎಲ್ಲರೂ ಸೇರಿ ಹಾಡುವಲ್ಲಿ ಕೈ ಮೇಲೆತ್ತಬೇಕು. ಕಂಕುಳಲ್ಲಿ ನಾಲ್ಕೇ ಹೊಲಿಗೆ. ಎತ್ತಬೇಡ ಕಣೇ ಎಂದು ಕೂಗಲು ಹೋದೆ, ಆಪರೇಷನ್ ಆದ ಗಂಟಲಿಂದ ಗಾಳಿಯಷ್ಟೇ ಬಂತು. ಎತ್ತಿದಳು. ತೋಳು ಪೂರ್ತಿ ಬಿಚ್ಚಿ ಮೊಣಕೈಗೆ ಜಾರಿತು. ಹಾಲ್ ತುಂಬ ನಗು. ಇವಳು ನಿಲ್ಲಲಿಲ್ಲ. ತೋಳನ್ನು ಕಿತ್ತು ಕೈಯಲ್ಲಿ ಹಿಡಿದು ಬೀಸುತ್ತಾ ಕೊನೆಯವರೆಗೂ ಕುಣಿದಳು.

ಆಮೇಲೆ ಅಪ್ಪನ ಕೈಯಿಂದ ಫೋನ್ ಕಿತ್ತುಕೊಂಡಳು. ಏದುಸಿರು.

"ತೋಳು ಬಿಚ್ಕೊಂಡ್‌ಬಿಡ್ತು."

"ನೋಡ್ದೆ ಕಣೇ."

"ನೀನೇ ಬಂದು ಹೊಲ್ಕೊಡ್ಬೇಕು. ಬೇರೆ ಯಾರಿಗೂ ಕೊಡಲ್ಲ." ಕಿತ್ತ ತೋಳನ್ನು ಫೋನಿನ ಮುಂದೆ ಹಿಡಿದಳು. "ಬರ್ತೀಯ ಅಲ್ವಾಮ್ಮ?"

ಕಾಯಿಲೆಯ ಹೆಸರು ಮನೆಯಲ್ಲಿ ತಿಳಿದ ದಿನದಿಂದ ಅವಳು ಇದನ್ನು ಬಾಯಿಬಿಟ್ಟು ಕೇಳಿರಲಿಲ್ಲ.

ಬರ್ತೀನಿ ಎಂದೆ. ಯಾವ ಧೈರ್ಯದ ಮೇಲೆ ಎಂದೆನೋ. ಬಾಗಿಲು ತೆರೆಯುವ ಸದ್ದು. ಮೀಟರಣ್ಣ. ಮೀಟರ್ ಎತ್ತಿ ಹಿಡಿದಿದ್ದಾನೆ. ಇವತ್ತಿನ ನಂಬರ್ ಕೇಳಲು ಪುಸ್ತಕ ಮುಚ್ಚುತ್ತಿದ್ದೇನೆ.