ಹೋದ ರಾಜ ತಿರುಗಿ ಬಂದ

ಮಾವ, ನಮಸ್ಕಾರ.

ಫೋನಿನಲ್ಲಿ ಹೇಳಿದರೆ ನಿಮ್ಮ ಸೋದರಳಿಯನಿಗೆ ಹೇಗೋ ಗೊತ್ತಾಗಿಬಿಡುತ್ತದೆ, ಅದಕ್ಕೇ ಈ ಕಾರ್ಡು. ರಮ್ಮಿಯಲ್ಲಿ ಬಿದ್ದ ಎಲೆಗಳನ್ನೆಲ್ಲ ನೆನಪಿಡುವುದನ್ನು ನೀವು ಇವರಿಗೆ ಕಲಿಸಿದ್ದಿರಲ್ಲ, ಅದೇ ಲೆಕ್ಕದಿಂದ ಇಲ್ಲಿನ ಕ್ಯಾಸಿನೋದ ಮೂರೆಲೆ ಆಟ ಗೆಲ್ಲುತ್ತೇನೆಂದು ಪ್ರತಿ ಶನಿವಾರ ಹೋಗುತ್ತಿದ್ದಾರೆ. ಕಳೆದ ವಾರ ನಾನೂ ಹೋಗಿದ್ದೆ. “ಆಟೀನ್ ರಾಜ ಹೋದ, ಇನ್ನು ಬರಲ್ಲ” ಎಂದು ಕಿವಿಯಲ್ಲಿ ಹೇಳಿದರು. ಆಟ ಮುಗಿದೊಡನೆ ಎಲೆ ಹಂಚುವ ಹುಡುಗಿ ಎಲ್ಲ ಎಲೆಗಳನ್ನೂ ಒಂದು ಕಪ್ಪು ಪೆಟ್ಟಿಗೆಗೆ ಹಾಕಿದಳು. ಅದು ತಾನೇ ಗರಗರ ಕಲಸಿ ಇಡೀ ಕಟ್ಟನ್ನು ವಾಪಸು ಕೊಟ್ಟಿತು. ಮರು ಆಟದಲ್ಲೇ ಅದೇ ರಾಜ ಬಂದು ಕೂತ! ಪ್ರತಿ ಸಲವೂ ಹೀಗೇ ಅಂತೆ. ಹಾಗಾದರೆ ನೆನಪಿಟ್ಟುಕೊಂಡು ಏನು ಪ್ರಯೋಜನ? ಕೇಳಿದರೆ, “ಮಾವ ಹೇಳ್ಕೊಟ್ಟಿದ್ದು ತಪ್ಪೋಕೆ ಚಾನ್ಸೇ ಇಲ್ಲ, ಹರ್ಷಿ” ಅನ್ನುತ್ತಾರೆ.

ಮಗಳ ಸ್ಕೂಲ್ ಫೀಸು ಇನ್ನೂ ಕಟ್ಟಿಲ್ಲ. ಆ ಲೆಕ್ಕ ಇಲ್ಲಿ ನಡೆಯುವುದಿಲ್ಲವೆಂದು ನೀವೇ ಹೇಳಿ, ಕಾರ್ಡು ಸಿಕ್ಕ ದಿನವೇ ಹೇಳಿ. ಆಟಕ್ಕೆ ಹೊರಡುವಾಗ ಇವರು ದೇವರ ಪಕ್ಕ ಇಟ್ಟಿರುವ ನಿಮ್ಮ ಫೋಟೋಗೆ ಕೈ ಮುಗಿಯುತ್ತಾರೆ. ಬದುಕಿರುವವರದನ್ನು ಅಲ್ಲಿಡಬಾರದು ಅಂದರೂ ಕೇಳುವುದಿಲ್ಲ. ಇವತ್ತು ಹಾರವನ್ನೂ ಹಾಕಿ ಹೋದರು.

ಹರ್ಷಿತಾ
ಸೌತ್ ಸಿ, ನೈರೋಬಿ