ಎಮ್ಮೆಯ ಪುಡಿ

ಜುಲೈ ೮, ಬೆಳಿಗ್ಗೆ
ಡೇರಿಯಿಂದ ಈಗ ಬಂದೆ. ಮೈಯೆಲ್ಲ ಹುಳಿ ಹಾಲಿನ ವಾಸನೆ. ಸೆಕ್ರೆಟರಿ ಅಂತ ಹೆಸರು, ಕ್ಯಾನ್ ತೊಳೆಯುವವನೂ ನಾನೇ. ದನಕ್ಕೆ ಹಾಕುವ ಮಿನರಲ್ ಪುಡಿ ಇನ್ನೂ ಹನ್ನೆರಡು ಚೀಲ ಉಳಿದಿದೆ. ಕಂಪನಿಯವರದು ಫೋನ್ ಮೇಲೆ ಫೋನ್. ಸಂಜೆ ಹಾಲು ಹಾಕುವವರ ಮುಂದೆ ಮೈಕ್ ಹಿಡಿದು ಅದನ್ನು ಮಾರಬೇಕು… ಥೂ.

ಅವ್ವ ಎಮ್ಮೆಗೆ ಹಿಂಡಿ ಕಲಸುತ್ತಿದ್ದಳು. ಶುಗರ್ ಗುಳಿಗೆ ತಗೊಂಡೆಯಾ ಅಂದೆ. "ಆತಪಾ" ಅಂದಳು.

ಜುಲೈ ೯
ನಿನ್ನೆ ಇಪ್ಪತ್ತು ನಿಮಿಷ ಒದರಿದೆ. "ಮ್ಯಾಗ್ನೀಷಿಯಂ, ಝಿಂಕ್, ಕ್ಯಾಲ್ಸಿಯಂ — ಇವಿಲ್ಲದ ಮೈ ಬರೇ ತೊಗಲಿನ ಚೀಲ ನೋಡ್ರಿ! ಎಂಥಾ ರೋಗ ಇದ್ರೂ ಬುಡಸಹಿತ ಹೋಗ್ತೈತಿ!" ಬಾಯಿಗೆ ಬಂದದ್ದೆಲ್ಲ ಹೇಳಿದೆ. ಹನ್ನೆರಡೂ ಖಾಲಿ, ಒಂದು ನಮ್ಮ ಎಮ್ಮೆಗೂ. ಅವ್ವ ಮುಂದೆಯೇ ಕೂತು ತಲೆದೂಗುತ್ತಿದ್ದಳು. ಮಗನ ಭಾಷಣ!

ಆಗಸ್ಟ್ ೨೧
ಅವ್ವನ ಕಾಲ್ಬೆರಳಿನ ಗಾಯ ಆರುತ್ತಿಲ್ಲ. ಕೀವು, ನಾತ. ಹೆಂಡತಿ ಶೈಲಾ ದಿನಾ ತೊಳೆದು ಬಟ್ಟೆ ಕಟ್ಟುತ್ತಾಳೆ. ನನಗೆ ಬಾಜು ಕೂತು ಉಣ್ಣಲೂ ಆಗುತ್ತಿಲ್ಲ. ಹೆತ್ತ ತಾಯಿ. ನನಗೆ ನಾನೇ ಹೇಸುತ್ತೇನೆ.

ಆಗಸ್ಟ್ ೨೪
ಸಿಕ್ಕಿಬಿದ್ದಳು. ಮಜ್ಜಿಗೆ ಬಟ್ಟಲಲ್ಲಿ ಬೂದಿ ಬಣ್ಣದ ಪುಡಿ. ಎಮ್ಮೆಯ ಚೀಲದ್ದು! ಜೋಳದ ಡಬ್ಬಿಯಿಂದ ಶೈಲಾ ಗುಳಿಗೆ ತೆಗೆದು ತಂದಳು — ಆರು ವಾರದ್ದು, ಒಂದೂ ಒಡೆದಿಲ್ಲ.

"ದನದ ಪುಡಿ ತಿಂತೀಯೇನ ಬೇ? ಬುದ್ಧಿ ಎಲ್ಲಿ ಇಟ್ಟೀ?"

"ಎಮ್ಮಿ ಬೆದಿಗೆ ಬರವಲ್ದಾಗಿತ್ತು, ಬಂತು. ಅದಕ್ಕ ಹತ್ತಿದ್ದು ನನಗ ಹತ್ತೂದಿಲ್ಲೇನು?" ಆಮೇಲೆ ಮೆಲ್ಲಗೆ, "ಮೈಕಿನ್ಯಾಗ ಹೇಳಿದಾಂವ ನೀನ ಅಲ್ಲೇನೋ?"

ಬೆರಳಿಗೆ ಹಚ್ಚಿ ನೆಕ್ಕಿ ನೋಡಿದೆ. ಸುಣ್ಣ, ತುಕ್ಕು. ಉಗುಳಿದೆ, ಬಾಯಿ ಮುಕ್ಕಳಿಸಿದೆ, ಹೋಗಲಿಲ್ಲ. ಅವಳು ಇದನ್ನು ಆರು ವಾರ ನುಂಗಿದ್ದಾಳೆ. ನನ್ನ ಮಾತು ನಂಬಿ.

ಆಗಸ್ಟ್ ೨೫
ಕಲಘಟಗಿ ಆಸ್ಪತ್ರೆ. ಶುಗರ್ ನಾಲ್ಕುನೂರ ಹನ್ನೆರಡು. ಡಾಕ್ಟರ್ ಅಮೃತಾ ಬೈಯಲಿಲ್ಲ, ಅದೇ ಕಷ್ಟವಾಯಿತು. "ಮ್ಯಾಗ್ನೀಷಿಯಂ, ಝಿಂಕ್ ಮನಿಷಾರಿಗೂ ಬೇಕ್ರಿ. ಶುಗರ್ ಇದ್ದವರಿಗೆ ಕಡಿಮಿನೂ ಬೀಳ್ತಾವ. ಆದ್ರ ಹೆಸರಕಾಳು, ಶೇಂಗಾ, ತೊಪ್ಪಲಪಲ್ಯಾದಾಗ ಸಿಗ್ತಾವಲ್ಲ. ಗುಳಿಗಿ ಬಿಟ್ಟು ಅವನ್ನಷ್ಟ ನಂಬಿದ್ರ ಹೆಂಗ್ರಿ? ಅದೂ ದನದ್ದು! ಯಾರು ಹೇಳಿದ್ರು?"

"ಯಾರೂ ಹೇಳಿಲ್ರಿ. ನಾನ ತಿಂದೆ," ಅಂದಳು ಅವ್ವ. ನಾನು ಗೋಡೆ ನೋಡುತ್ತ ನಿಂತೆ. ಬೆರಳು ತೆಗೆಯಬೇಕಂತೆ.

ಸೆಪ್ಟೆಂಬರ್ ೭
ಬೆರಳು ಹೋಯಿತು. ಅವ್ವ ಮನೆಗೆ ಬಂದಳು. ಗುಳಿಗೆ ಈಗ ನನ್ನ ಕೈಯಿಂದಲೇ. ಮೈಕಿನಲ್ಲಿ ನಿಜ ಹೇಳಿಬಿಡಬೇಕು ಅಂತ ಡೇರಿಗೆ ಹೋದೆ. ಹೇಳಲಿಲ್ಲ. ಮಂದಿ ಏನಂದಾರು… ಹೇಡಿ ನನ್ನ ಮಗ ನಾನು.

ಸೆಪ್ಟೆಂಬರ್ ೮, ಬೆಳಿಗ್ಗೆ ಏಳು
ಓಣಿಯ ರೇಣುಕವ್ವ ಡೇರಿಗೆ ಬಂದಿದ್ದಳು. ಹೋದ ವರ್ಷವೇ ಎಮ್ಮೆ ಮಾರಿದವಳು. ಒಂದು ಚೀಲ ಪುಡಿ ಬೇಕಂತೆ.

"ನಿಮಗ ಎಮ್ಮಿ ಎಲ್ಲೈತ್ರಿ?"

"ಎಮ್ಮಿಗಲ್ರಿ, ನನಗ. ನಿಮ್ಮವ್ವ ಕೊಟ್ಟಿದ್ದು ತೀರೇತಿ. ನಮ್ಮ ಓಣ್ಯಾಗ ಶುಗರ್ ಇದ್ದಾವ್ರೆಲ್ಲಾ ಅದನ್ನ ತಿಂತೀವಲ್ರಿ."

ಎಷ್ಟು ಮಂದಿ ಅಂದೆ. ಬೆರಳು ಮಡಚುತ್ತ ಹೆಸರು ಹೇಳಿದಳು. ಒಂದು ಕೈ ಮುಗಿಯಿತು. ಇನ್ನೊಂದು ಕೈ ಎತ್ತಿದಳು.

ಮೈಕ್ ಹಚ್ಚಿಟ್ಟಿದ್ದೇನೆ. ಹಾಲು ಹಾಕುವವರು ಹೊರಗೆ ನಿಂತಿದ್ದಾರೆ. ನಾಲಿಗೆ ಹೊರಳುವುದಿಲ್ಲ, ಬರೆದುಕೊಂಡೇ ಓದುತ್ತೇನೆ: ಅಣ್ಣಾರ, ಅಕ್ಕಾರ, ಅವತ್ತು ನಾ ಹೇಳಿದ್ದು ಸುಳ್ಳು. ಗುಳಿಗಿ ಬಿಡಬ್ಯಾಡ್ರಿ. ನಮ್ಮವ್ವನ ಬೆರಳು —