ಮೊದಲ ಪಾಳಿ

ವಳಕಮದಿನ್ನಿ
12 ನವೆಂಬರ್ 1992

ಗೆಳತಿ ಪಂಪಮ್ಮನಿಗೆ,

ಮೆಹರಬಾನುವಿನ ಸಲಾಮು. ಪುಣೆಯಲ್ಲಿ ನೀನು, ನಿನ್ನ ಗಂಡ, ಎಳೆಗೂಸು ಎಲ್ಲರೂ ಆರಾಮಾಗಿದ್ದೀರಿ ಎಂದುಕೊಂಡಿದ್ದೇನೆ. ನಿನ್ನ ಎರಡೂ ಕಾಗದ ಮುಟ್ಟಿವೆ. ಉತ್ತರಕ್ಕೆ ಎರಡು ತಿಂಗಳು ತಡವಾಯಿತು, ಮನ್ನಿಸು. ಕೆಲಸದಿಂದ ಬಿಡುವಿರಲಿಲ್ಲ ಎಂದು ಬರೆಯಬಹುದಿತ್ತು. ನಿಜವೆಂದರೆ ಬರೆಯಲು ಮನಸ್ಸಾಗಲಿಲ್ಲ.

ಎರಡನೆಯ ಕಾಗದ ಓದಿ ನನಗೆ ಸಿಟ್ಟೇ ಬಂತು. ‘ನಮ್ಮ ಪಾಳಿ ಮೊದಲಿತ್ತು, ಮನೆ ಕಟ್ಟಿದ್ದರೆ ಅವ್ವ ಸಾಯುತ್ತಿರಲಿಲ್ಲ, ಯಾಕೆ ಕಟ್ಟಲಿಲ್ಲ?’ ಎಂದು ಪೊಲೀಸರ ಹಾಗೆ ಕೇಳಿದ್ದೀಯ. ಅಲ್ಲಿ ಕೂತು ಕೇಳುವುದು ಸುಲಭ. ಇರಲಿ, ಹೇಳುತ್ತೇನೆ.

ಈ ಉಸಾಬರಿ ಶುರು ಮಾಡಿದವಳೇ ನೀನು. ಸರ್ಕಾರಿ ಮನೆಗಳ ಯಾದಿಯಲ್ಲಿ ನಮ್ಮ ಓಣಿಯ ಒಂದು ಹೆಸರೂ ಬರಲಿಲ್ಲ. ಸಿಂಧನೂರಿನ ಬ್ಯಾಂಕಿಗೆ ಹೋಗಿ ಸಾಲ ಕೇಳಿದರೆ ಜಾಗದ ಪಟ್ಟಾ ಎಲ್ಲಿ ಎಂದರು. ಆಗ ನೀನು, ‘ಯಾರ ಕಾಲೂ ಹಿಡಿಯೂದು ಬ್ಯಾಡ. ಕೊಯ್ಲಿನ ಕೂಲಿ ಭತ್ತದಾಗ ದಿನಕ್ಕ ಒಂದು ಸೇರು ತಗದಿಡೂಣು. ಅದನ್ನ ಮಾರಿ ಒಂದೊಂದಾಗಿ ಮನಿ ಕಟ್ಟೂಣು’ ಎಂದೆ. ಹನ್ನೊಂದು ಹೆಂಗಸರು ಒಪ್ಪಿದೆವು. ಚೀಟಿ ಎತ್ತಿದಾಗ ಮೊದಲು ನಿಮ್ಮ ಮನೆಯ ಹೆಸರು ಬಂತು, ಎರಡನೆಯದು ನನ್ನದು. ನೀನು ಗಂಡನ ಜೊತೆ ಪುಣೆಗೆ ಕಲ್ಲು ಹೊರಲು ಹೋದೆ. ನಿಮ್ಮ ಪಾಲಿನ ಸೇರನ್ನು ನಿನ್ನವ್ವ ಯಮನಮ್ಮ ಒಂದು ದಿನವೂ ತಪ್ಪದೆ ಹಾಕುತ್ತ ಬಂದಳು.

ಭತ್ತ ಮನೆಯಲ್ಲಿಟ್ಟರೆ ಗಂಡಸರು ಮಾರಿ ಕುಡಿಯುತ್ತಾರೆ. ನಿಮ್ಮ ಗುಡಿಸಲ ಮುಂದಿನ ಹಳೇ ಹಗೇವಿಗೆ ಹಾಕೋಣ ಎಂದು ನಿನ್ನವ್ವ ಗುಂಪಿನಲ್ಲಿ ಹೇಳಿದಳು. ಎಲ್ಲರೂ ಹೂಂ ಎಂದರು. ಅಜ್ಜಂದಿರು ಆ ನೆಲದೊಳಗಿನ ಕಣಜದಲ್ಲೇ ಜೋಳವನ್ನು ನಾಲ್ಕು ವರ್ಷ ಕೆಡದಂತೆ ಇಟ್ಟವರಲ್ಲವೇ? ಆದರೆ ಅವರ ಕಾಲದಲ್ಲಿ ಕಾಲುವೆ ಇರಲಿಲ್ಲ. ಈಗ ಊರ ಸುತ್ತ ಗದ್ದೆ, ಎಲ್ಲಿ ಅಗೆದರೂ ನೀರು. ಎರಡು ವರ್ಷದ ಭತ್ತ ಸುರಿದು, ಈ ಬೇಸಿಗೆಯಲ್ಲಿ ಹಗೇವಿನ ಬಾಯಿ ತೆಗೆದರೆ ಗಬ್ಬು ನಾತ. ಅರ್ಧಕ್ಕರ್ಧ ಭತ್ತ ಕರ್ರಗೆ ಮುದ್ದೆಯಾಗಿತ್ತು. ಹೆಂಗಸರು ಎದೆ ಬಡಿದುಕೊಂಡು ಅತ್ತರು.

ಅತ್ತು ಮುಗಿದ ಮೇಲೆ ಯಾರನ್ನಾದರೂ ಹಿಡಿಯಬೇಕಲ್ಲ. ಗುಂಪಿನ ಹಿರಿಯಳು ಆದಮ್ಮ ನಿನ್ನವ್ವನ ಕಡೆ ತಿರುಗಿದಳು.

‘ಹಗೇವಿಗೆ ಹಾಕೂಣು ಅಂದಾಕಿ ನೀನು, ಹಗೇವೂ ನಿಂದು. ನಮ್ಮ ಹೊಟ್ಟಿ ಮ್ಯಾಲೆ ಹೊಡದಿ. ನಿಮ್ಮ ಪಾಳಿ ಇವತ್ತಿಗೆ ಮುಗೀತು.’

‘ಪಾಳಿ ಕಸಗೋಬ್ಯಾಡ್ರಿ ನಮ್ಮವ್ವ’ ಎಂದು ನಿನ್ನವ್ವ ಸೆರಗೊಡ್ಡಿದಳು. ‘ನಮ್ಮ ಗುಡಿಸಲ ಗ್ವಾಡಿ ಬುಡ ಮೆತ್ತಗಾಗೈತಿ. ಈ ಮಳಿಗಾಲ ತಡಿಯಂಗಿಲ್ಲ.’

‘ಬಿದ್ದಾಗ ನೋಡೂಣು ಬಿಡಬೇ’ ಎಂದು ಹಿಂದಿನಿಂದ ಯಾರೋ ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಪಂಪಿ.

ಉಳಿದ ಭತ್ತ ಮಾರಿದ್ದರಲ್ಲಿ ನನ್ನ ಮನೆ ಎದ್ದಿತು. ಮಸ್ಕಿಯಿಂದ ಬಾಗಿಲು ತರಿಸಿದೆವು. ಗುಂಪಿನವರೆಲ್ಲ ಕೂಲಿಯಿಲ್ಲದೆ ದುಡಿದರು. ನಿನ್ನವ್ವನೂ ಬಂದು ನನ್ನ ಗೋಡೆಗೆ ಮಣ್ಣು ತುಳಿದಳು. ದುಡಿದರೆ ಪಾಳಿ ತಿರುಗಿ ಕೊಟ್ಟಾರು ಎಂಬ ಆಸೆ. ಸಂಜೆ ಎಲ್ಲರಿಗೂ ಊಟ ಹಾಕಿದೆ. ಆದಮ್ಮ ಕಣ್ಣು ಬಿಟ್ಟಳೆಂದು ನಿನ್ನವ್ವನೊಬ್ಬಳನ್ನು ಕರೆಯಲಿಲ್ಲ. ಕೈಕಾಲು ತೊಳೆದುಕೊಂಡು ಹೋದಳು.

ಆಮೇಲೆ ನಾಟಿಗೂ ಅವಳನ್ನು ಸೇರಿಸಿಕೊಳ್ಳಲಿಲ್ಲ. ಕೂಲಿ ಹುಡುಕಿಕೊಂಡು ಒಬ್ಬಳೇ ಮುಕ್ಕುಂದದವರೆಗೆ ಹೋಗುತ್ತಿದ್ದಳು. ಭಾದ್ರಪದದಲ್ಲಿ ಮೂರು ದಿನ ಮಳೆ ಹಿಡಿಯಿತು. ಮೂರನೆಯ ದಿನ ಮಧ್ಯಾಹ್ನ ನಿನ್ನವ್ವ ರೊಟ್ಟಿ ಬಡಿಯುತ್ತ ಕೂತಿದ್ದಾಗ ಗೋಡೆ ಮೈಮೇಲೆ ಬಂತು. ನೀನು ಹಸಿ ಬಾಣಂತಿ, ಬರಲಾಗಲಿಲ್ಲ. ಮಣ್ಣು ಮಾಡಿದವರು ನಾವೇ. ಆದಮ್ಮನೇ ಎಲ್ಲರಿಗಿಂತ ಜೋರಾಗಿ ಅತ್ತಳು.

ನೀನು ಕೇಳಿದ್ದಕ್ಕೆ ಉತ್ತರ ಇಷ್ಟೇ. ಕೂಸಿಗೆ ಅವ್ವನ ಹೆಸರಿಟ್ಟದ್ದು ಒಳ್ಳೆಯದಾಯಿತು. ನಿನ್ನ ದೇವರೂ ನನ್ನ ದೇವರೂ ಅದರ ತಲೆ ಕಾಯಲಿ, ನೂರು ವರ್ಷ ಬಾಳಲಿ. ಎದೆಹಾಲು ಕಡಿಮೆ ಎಂದು ಬರೆದಿದ್ದೆ, ಮೆಂತ್ಯದ ಗಂಜಿ ಕುಡಿ.

ನಿನ್ನ,
ಮೆಹರಬಾನು

ತಾ.ಕ.: ಹಗೇವಿನ ಯೋಚನೆ ನನ್ನದು. ‘ಕಾಲುವಿ ಬಂದ ಮ್ಯಾಲೆ ನೆಲ ನಂಬಂಗಿಲ್ಲವ್ವ’ ಎಂದು ನಿನ್ನವ್ವ ಬೇಡವೆಂದಿದ್ದಳು. ನಾನು ಕೇಳಲಿಲ್ಲ. ಹಗೇವು ನಿಮ್ಮದು, ನಾನು ಹೇಳಿದರೆ ಯಾರೂ ಒಪ್ಪುವುದಿಲ್ಲವೆಂದು, ಗೋಗರೆದು ಅವಳ ಬಾಯಿಂದಲೇ ಗುಂಪಿಗೆ ಹೇಳಿಸಿದೆ. ಆದಮ್ಮ ಬೈಯುವಾಗ ನಿನ್ನವ್ವ ಒಂದು ಸಲ ನನ್ನ ಮುಖ ನೋಡಿದಳು. ನಾನೇ ಹೇಳುತ್ತೇನೆಂದು ಕಾದಳು. ಹೇಳಿದ್ದರೆ ಪಾಳಿ ನಿಮ್ಮದೇ ಉಳಿಯುತ್ತಿತ್ತು, ನನ್ನದು ಹೋಗುತ್ತಿತ್ತು. ಈಗ ನಿನಗೆ ಹೇಳಿದ್ದೇನೆ, ನನ್ನೆದೆ ಹಗುರಾಯಿತು. ಈ ಕಾಗದ ತಂದು ಊರಲ್ಲಿ ತೋರಿಸಬೇಡ. ನಾನು ಬರೆದದ್ದಲ್ಲ ಎನ್ನುತ್ತೇನೆ. ಅವರು ನನ್ನನ್ನೇ ನಂಬುತ್ತಾರೆ.